ಬೈಬಲೇ ಕೊನೆಯ ಮಾತು ಎನ್ನುವ ಬ್ಯಾಪ್ಟಿಸ್ಟರು ಬೇರೆ ಧರ್ಮದವರ ಸ್ವಾತಂತ್ರ್ಯಕ್ಕೆ ಏಕೆ ದನಿ ಎತ್ತುತ್ತಾರೆ?

ನಿಮ್ಮ ಪ್ರಶ್ನೆಯ ಹೊಟ್ಟೆಯಲ್ಲಿ ಮೂರು ಪ್ರಶ್ನೆಗಳಿವೆ. ಪೋಪ್ ಇಲ್ಲ, ಬಿಷಪ್ ಇಲ್ಲ, ಬೈಬಲ್ ಒಂದೇ ಪ್ರಮಾಣ ಎನ್ನುವ ಕ್ರೈಸ್ತ ಪಂಗಡವಾದ ಬ್ಯಾಪ್ಟಿಸ್ಟರಲ್ಲಿ ಆ ಬೈಬಲ್‌ಗೆ ಅರ್ಥ ಹೇಳುವವರು ಯಾರು? ಪಾಸ್ಟರ್ ದಾರಿ ತಪ್ಪಿದರೆ ಅವರನ್ನು ಕೇಳುವವರು ಯಾರು? ತಮ್ಮ ಗ್ರಂಥವೇ ಸತ್ಯ ಎಂದು ನಂಬಿದವರು ಎಲ್ಲ ಧರ್ಮದವರ ಸ್ವಾತಂತ್ರ್ಯದ ಮಾತಾಡುವುದು ಬರೀ ತೋರಿಕೆಯಲ್ಲವೇ? ಕೊನೆಗೆ ಇನ್ನೊಂದನ್ನೂ ಸೇರಿಸಿದ್ದೀರಿ: ನಿಮ್ಮ ಸ್ವಂತ ಮಕ್ಕಳೇ ನಂಬುವುದಿಲ್ಲ ಎಂದರೆ ಆಗಲೂ ಹೀಗೇ ಹೇಳುತ್ತೀರಾ ಎಂದು.

ನಾನು 22 ವರ್ಷಗಳಿಂದ ಬ್ಯಾಪ್ಟಿಸ್ಟ್ ಸಭೆಯೊಂದರ ಸದಸ್ಯ. ಸಭೆ ಎಂದರೆ ಒಂದು ಕಡೆಯ ವಿಶ್ವಾಸಿಗಳ ಸಮುದಾಯ, ಸ್ಥಳೀಯ ಚರ್ಚು. ಅದರಲ್ಲಿ 9 ವರ್ಷ ಸಭಾಸೇವಕ, ಅಂದರೆ ಡೀಕನ್ ಆಗಿದ್ದೆ. ದೇವತಾಶಾಸ್ತ್ರದ ಕಾಲೇಜಿನಲ್ಲಿ ಓದಿದವನಲ್ಲ, ಬ್ಯಾಪ್ಟಿಸ್ಟರೆಲ್ಲರ ಪರವಾಗಿ ಮಾತಾಡುವ ಹಕ್ಕೂ ನನಗಿಲ್ಲ. ನಮ್ಮಲ್ಲಿ ಆ ಹಕ್ಕು ಯಾರಿಗೂ ಇಲ್ಲ. ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಎಲ್ಲವೂ ನೀರಿನಿಂದ ಶುರುವಾಗುತ್ತದೆ. ನಾವು ಹಸುಗೂಸಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಡುವುದಿಲ್ಲ. ಯೇಸುವನ್ನು ನಂಬಿದ್ದೇನೆ ಎಂದು ತನ್ನ ಬಾಯಿಂದಲೇ ಹೇಳಬಲ್ಲವರಿಗೆ ಮಾತ್ರ, ನೀರಿನಲ್ಲಿ ಪೂರ್ತಿ ಮುಳುಗಿಸಿ ಕೊಡುತ್ತೇವೆ. ಈಗ ಇದು ಒಂದು ಆಚರಣೆಯ ವ್ಯತ್ಯಾಸದಂತೆ ಕಾಣಬಹುದು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಹಾಗಿರಲಿಲ್ಲ. ಹುಟ್ಟಿದ ಮಗುವನ್ನು ಚರ್ಚಿಗೆ ಒಯ್ದು, ದೀಕ್ಷಾಸ್ನಾನ ಮಾಡಿಸಿ, ದಫ್ತರಿನಲ್ಲಿ ಹೆಸರು ಬರೆಸಿದರೆ ಆ ಮಗು ಚರ್ಚಿಗೂ ಸೇರಿತು, ರಾಜ್ಯದ ಲೆಕ್ಕಕ್ಕೂ ಸೇರಿತು. ಚರ್ಚಿನ ತಲೆಯೂ ರಾಜನೇ. ಅಂಥಲ್ಲಿ 'ನನ್ನ ಮಗುವಿಗೆ ಈಗಲೇ ಬೇಡ, ಬೆಳೆದು ತಾನೇ ನಿರ್ಧರಿಸಲಿ' ಎಂದವನು ಅರಮನೆಯ ಬುನಾದಿಗೇ ಕೈ ಹಾಕಿದಂತೆ.

ಜಾನ್ ಸ್ಮಿತ್ ಎಂಬ ಇಂಗ್ಲಿಷ್ ಪಾದ್ರಿ ತನ್ನ ಜನರೊಂದಿಗೆ ದೇಶ ಬಿಟ್ಟು ಆಮ್‌ಸ್ಟರ್‌ಡ್ಯಾಮಿಗೆ ಹೋದರು. ಕೂಸಾಗಿದ್ದಾಗ ಆದದ್ದು ದೀಕ್ಷಾಸ್ನಾನವೇ ಅಲ್ಲ ಎಂದು ಮನವರಿಕೆಯಾಗಿ, 1609ರಲ್ಲಿ ಮೊದಲು ತಮಗೆ ತಾವೇ ದೀಕ್ಷಾಸ್ನಾನ ಮಾಡಿಕೊಂಡು, ಆಮೇಲೆ ಥಾಮಸ್ ಹೆಲ್ವಿಸ್ ಮತ್ತು ಉಳಿದವರಿಗೂ ಮಾಡಿಸಿದರು. ಬ್ಯಾಪ್ಟಿಸ್ಟ್ ಸಭೆಯ ಚರಿತ್ರೆ ಅಲ್ಲಿಂದ. ಒಬ್ಬರ ನಂಬಿಕೆಯನ್ನು ಇನ್ನೊಬ್ಬರು ನಂಬಲಾಗದು, ತಾಯಿತಂದೆಯೂ ಆಗದು, ರಾಜನೂ ಆಗದು: ನಿಮ್ಮ ಮೂರು ಪ್ರಶ್ನೆಗಳಿಗೂ ನಾನು ಕೊಡುವ ಉತ್ತರ ಇದರಿಂದಲೇ ಹುಟ್ಟುತ್ತದೆ.

ಮೊದಲು ಬೈಬಲ್. 'ಬೈಬಲ್ ಒಂದೇ' ಎಂದರೆ 'ನನಗೆ ತೋಚಿದ ಅರ್ಥವೇ ಸರಿ' ಎಂದು ಎಷ್ಟೋ ಜನ ತಿಳಿದಿದ್ದಾರೆ, ನಮ್ಮವರೂ ಸೇರಿ. ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 17ನೇ ಅಧ್ಯಾಯದಲ್ಲಿ ಬೆರೋಯ ಎಂಬ ಊರಿನವರ ಪ್ರಸ್ತಾಪ ಬರುತ್ತದೆ. ಅಪೊಸ್ತಲನಾದ ಪೌಲನಂಥ ಪೌಲನೇ ಬಂದು ಬೋಧಿಸಿದರೂ ಅವರು ಆಸಕ್ತಿಯಿಂದ ಕೇಳಿದರು, ಆಮೇಲೆ ಅವನು ಹೇಳಿದ್ದು ಹೌದೋ ಅಲ್ಲವೋ ಎಂದು ದಿನವೂ ಶಾಸ್ತ್ರ ತೆರೆದು ನೋಡಿದರು. ಇದಕ್ಕಾಗಿ ಅವರನ್ನು ಹೊಗಳಲಾಗಿದೆ. ಅವರು ಒಟ್ಟಾಗಿ ಓದಿದರು ಎಂಬುದು ನನಗೆ ಮುಖ್ಯ. ನಮ್ಮಲ್ಲೂ ಅರ್ಥ ಕಂಡುಕೊಳ್ಳುವುದು ಸಭೆ ಕೂಡಿ ಓದುವಾಗ. ನಾನು ತಪ್ಪಿದರೆ ತಿದ್ದಲು ಪಕ್ಕದಲ್ಲಿ ಕೂತವರಿರುತ್ತಾರೆ.

ನಮ್ಮಲ್ಲೂ ನಂಬಿಕೆಯ ಅರಿಕೆಗಳಿವೆ, ಅಂದರೆ ನಾವು ಏನು ನಂಬುತ್ತೇವೆ ಎಂದು ಬರೆದಿಟ್ಟ ಹೇಳಿಕೆಗಳು. 1644ರಲ್ಲಿ ಲಂಡನ್ನಿನ ಏಳು ಸಭೆಗಳು ಒಂದನ್ನು ಪ್ರಕಟಿಸಿದವು, 1689ರದ್ದು ಇಂದಿಗೂ ಬಳಕೆಯಲ್ಲಿದೆ. ಆದರೆ ಅವು ಶಾಸ್ತ್ರದ ಕೆಳಗೆ ನಿಲ್ಲುವಂಥವು. 1644ರ ಅರಿಕೆಯ ಕೊನೆಗೆ ಅದನ್ನು ಬರೆದವರೇ ಒಂದು ಮಾತು ಸೇರಿಸಿದ್ದಾರೆ: ನಮಗೆ ತಿಳಿದಿರುವುದು ಸ್ವಲ್ಪವೇ, ನಾವು ಕಾಣದ್ದನ್ನು ಯಾರಾದರೂ ದೇವರ ವಾಕ್ಯದಿಂದ ತೋರಿಸಿಕೊಟ್ಟರೆ ಅವರಿಗೆ ಋಣಿಯಾಗಿರುತ್ತೇವೆ ಎಂಬರ್ಥದ್ದು. ನನಗೆ ಆ ಅರಿಕೆಯಲ್ಲಿ ತುಂಬ ಪ್ರಿಯವಾದ ಭಾಗ ಅದು.

ಇಷ್ಟಾದರೂ ತಪ್ಪು ಓದಿದ್ದೇವೆ, ಭಯಂಕರವಾಗಿ ಓದಿದ್ದೇವೆ. 1845ರಲ್ಲಿ ಅಮೆರಿಕದ ದಕ್ಷಿಣದ ಬ್ಯಾಪ್ಟಿಸ್ಟರು ಬೇರೆಯಾದದ್ದು ಗುಲಾಮರನ್ನು ಇಟ್ಟುಕೊಂಡವರು ಮಿಷನರಿಗಳಾಗಬಹುದೇ ಎಂಬ ಜಗಳದಲ್ಲಿ. ಆಗಬಹುದು ಎಂದವರ ಕೈಯಲ್ಲೂ ಇದೇ ಬೈಬಲ್ ಇತ್ತು. ಅವರು ಕಟ್ಟಿಕೊಂಡ ಸಂಘವಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಶನ್ ಅದಕ್ಕಾಗಿ ಕ್ಷಮೆ ಕೇಳಿದ್ದು 1995ರಲ್ಲಿ, 150 ವರ್ಷಗಳ ಮೇಲೆ. ಆದರೆ ಅದಕ್ಕೂ ಮೊದಲು, ಜಮೈಕಾದಲ್ಲಿ ಸ್ಯಾಮ್ಯುಯೆಲ್ ಶಾರ್ಪ್ ಎಂಬ ಗುಲಾಮ ಇದ್ದ, ಬ್ಯಾಪ್ಟಿಸ್ಟ್ ಸಭಾಸೇವಕ. ಅವನೂ ಇದೇ ಬೈಬಲ್ ಓದಿ, ಮನುಷ್ಯನಿಗೆ ಮನುಷ್ಯ ಒಡೆಯನಾಗಲು ಹಕ್ಕಿಲ್ಲ ಎಂಬಲ್ಲಿಗೆ ಬಂದು ಮುಟ್ಟಿದ. 1831ರ ಕ್ರಿಸ್‌ಮಸ್ ಮುಗಿದ ಮೇಲೆ ಕೂಲಿ ಕೊಡದೆ ಕೆಲಸಕ್ಕೆ ಇಳಿಯುವುದಿಲ್ಲ ಎಂದು ಜನರನ್ನು ಕಟ್ಟಿದ. ಅದು ದಂಗೆಯಾಗಿ ಹಬ್ಬಿತು, 1832ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಮರುವರ್ಷವೇ ಬ್ರಿಟಿಷ್ ಸಂಸತ್ತು ಗುಲಾಮಗಿರಿಯನ್ನು ಕೊನೆಗಾಣಿಸುವ ಕಾಯಿದೆ ಮಾಡಿತು. ಒಡೆಯರು ಮಾತ್ರ ಕೂತು ಓದಿದ ಕೋಣೆಯಲ್ಲಿ ಕಾಣದ್ದು ಗುಲಾಮ ಓದಿದಾಗ ಕಂಡಿತು. ಹಾಗಾಗಿ ನನ್ನ ಮಟ್ಟಿಗೆ 'ಬೈಬಲ್ ಒಂದೇ' ಎಂಬುದರ ಜೊತೆಗೆ 'ಎಲ್ಲರೂ ಓದಬೇಕು' ಎಂಬುದೂ ಇರಲೇಬೇಕು.

ಇನ್ನು ನಾಯಕತ್ವ. ಹೊಸ ಒಡಂಬಡಿಕೆಯಲ್ಲಿ ನಮಗೆ ಕಾಣುವುದು ಎರಡೇ ಹುದ್ದೆ. ಒಂದು ಸಭೆಯ ಹಿರಿಯರದು. ಪಾಸ್ಟರ್ ಎಂದರೂ ಅದೇ, ಅಧ್ಯಕ್ಷ ಎಂದರೂ ಅದೇ. ಅಪೊಸ್ತಲರ ಕೃತ್ಯಗಳು 20ರಲ್ಲಿ ಪೌಲ ಎಫೆಸದ ಹಿರಿಯರನ್ನು ಕರೆಸುತ್ತಾನೆ, ಅದೇ ಜನರಿಗೆ ಕೆಲವು ವಚನಗಳ ಮುಂದೆ ಸಭೆಯ ಮೇಲ್ವಿಚಾರಕರು ಎನ್ನುತ್ತಾನೆ. ಇನ್ನೊಂದು ಸಭಾಸೇವಕರದು. ಇಬ್ಬರನ್ನೂ ಆರಿಸುವುದು ಸ್ಥಳೀಯ ಸಭೆ, ಹೊರಗಿನ ಯಾವ ಪೀಠವೂ ನೇಮಿಸಿ ಕಳಿಸುವುದಿಲ್ಲ. ಸಭೆಗಳೆಲ್ಲ ಸೇರಿ ಸಂಘ ಕಟ್ಟಿಕೊಳ್ಳುತ್ತವೆ, ಆದರೆ ಸಂಘ ಸಭೆಯ ಮೇಲೆ ಆಜ್ಞೆ ಮಾಡುವಂತಿಲ್ಲ. ಹೆಂಗಸರು ಪಾಸ್ಟರ್ ಆಗಬಹುದೇ ಎಂಬುದರಲ್ಲಿ ನಮ್ಮಲ್ಲಿ ಒಮ್ಮತವಿಲ್ಲ. ಆಗಬಹುದು ಎನ್ನುವ ಸಭೆಗಳೂ ಇವೆ, ಕೂಡದು ಎನ್ನುವ ಸಭೆಗಳೂ ಇವೆ.

ಪಾಸ್ಟರ್ ತಪ್ಪಿದರೆ? ಮತ್ತಾಯ 18ರಲ್ಲಿ ಯೇಸು ಹೇಳಿದ ಕ್ರಮವಿದೆ. ಮೊದಲು ಒಬ್ಬನೇ ಹೋಗಿ ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು, ಅದಕ್ಕೂ ಕೇಳದಿದ್ದರೆ ಸಭೆಗೆ ಹೇಳು. ಕೊನೆಯ ಮೆಟ್ಟಿಲು ಸಭೆಯೇ. ಮೊದಲ ಬ್ಯಾಪ್ಟಿಸ್ಟರು ಇದನ್ನು ತಮ್ಮ ಮೊದಲ ಪಾಸ್ಟರ ಮೇಲೆಯೇ ಬಳಸಬೇಕಾಗಿ ಬಂತು. ಸ್ಮಿತ್ ತಾವು ಮಾಡಿಕೊಂಡ ದೀಕ್ಷಾಸ್ನಾನವನ್ನೇ ಸಂಶಯಿಸಿ ಮೆನೊನೈಟರೆಂಬ ಇನ್ನೊಂದು ಕ್ರೈಸ್ತ ಪಂಗಡವನ್ನು ಸೇರಲು ಹೊರಟಾಗ ಹೆಲ್ವಿಸ್ ಮತ್ತು ಸುಮಾರು ಹತ್ತು ಜನ ಒಪ್ಪದೆ ನಿಂತರು, ತಮಗೆ ದೀಕ್ಷಾಸ್ನಾನ ಕೊಟ್ಟವರನ್ನೇ ಸಭೆಯಿಂದ ಹೊರಗಿಟ್ಟರು. ಅದರಲ್ಲಿ ಯಾರ ವಾದ ಸರಿ ಎಂಬುದು ಬೇರೆ ಮಾತು. ಆದರೆ ಸ್ಥಾಪಕರೆಂಬ ಕಾರಣಕ್ಕೆ ಯಾರೂ ಪ್ರಶ್ನೆಗೆ ಹೊರತಲ್ಲ ಎಂಬುದು ಆಗಲೇ ಗಟ್ಟಿಯಾಯಿತು.

ನಾನೇ ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ನಮ್ಮ ಸಭೆಯಲ್ಲಿ ಒಮ್ಮೆ ಪಾಸ್ಟರ್ ಎರಡು ವರ್ಷ ಕಾಣಿಕೆಯ ಲೆಕ್ಕ ಒಪ್ಪಿಸಿರಲಿಲ್ಲ. ಸದಸ್ಯರ ಕೂಟದಲ್ಲಿ ಒಬ್ಬ ಹುಡುಗ ಎದ್ದು ಕೇಳಿದ. ಪಾಸ್ಟರ್ ಕೀರ್ತನೆ 105ರ ವಚನವೊಂದನ್ನು ಎತ್ತಿದರು, ದೇವರ ಅಭಿಷಿಕ್ತರನ್ನು, ಅಂದರೆ ದೇವರು ಆರಿಸಿಕೊಂಡವರನ್ನು, ಮುಟ್ಟಬಾರದು ಎಂದು. ಹುಡುಗ ಕೂತುಬಿಟ್ಟ. ಸಭಾಸೇವಕರಾಗಿದ್ದ ನಾವೂ ತಲೆ ತಗ್ಗಿಸಿದೆವು, ನನಗೆ ಇಂದಿಗೂ ನಾಚಿಕೆ ತರುವ ಗಳಿಗೆ ಅದು. ಆಗ ಹಿಂದಿನ ಸಾಲಿನಿಂದ, ಎಪ್ಪತ್ತು ದಾಟಿದ ಒಬ್ಬ ಅಮ್ಮ ಕನ್ನಡಕ ಹಾಕಿಕೊಂಡು, 'ಅಯ್ಯನವರೇ, ಸ್ವಲ್ಪ ಮೇಲಿಂದ ಓದೋಣ' ಎಂದು 12ನೇ ವಚನದಿಂದ ನಿಧಾನವಾಗಿ ಓದಿದರು. ಅಲ್ಲಿ ಇರುವುದು ಅಬ್ರಹಾಮ, ಇಸಾಕ, ಯಾಕೋಬರ ವಿಷಯ. ಅವರು ಬೆರಳೆಣಿಕೆಯ ಮಂದಿ, ಪರದೇಶಿಗಳು, ನಾಡಿಂದ ನಾಡಿಗೆ ಅಲೆಯುವವರು. ಅವರನ್ನು ಮುಟ್ಟಬೇಡಿ ಎಂದು ದೇವರು ಗದರಿಸುವುದು ಅರಸರನ್ನು. ಓದಿ ಮುಗಿಸಿ ಅವರು ಕೇಳಿದ್ದಿಷ್ಟೆ: 'ಇಲ್ಲಿ ಅರಸ ಯಾರು, ಪರದೇಶಿ ಯಾರು?' ಕೂಟದಲ್ಲಿ ಯಾರೂ ಉಸಿರೆತ್ತಲಿಲ್ಲ. ಮುಂದಿನ ತಿಂಗಳು ಲೆಕ್ಕ ಬಂತು, ಅದರಲ್ಲಿ ಕೊರತೆಯೂ ಕಂಡಿತು. ಪಾಸ್ಟರ್ ವರ್ಷ ತುಂಬುವ ಮುನ್ನ ರಾಜೀನಾಮೆ ಕೊಟ್ಟರು.

ಆ ಅಮ್ಮ ಓದಿದ್ದು ಏಳನೆಯ ಕ್ಲಾಸು. ಅವರಿಗೆ ಯಾವ ಹುದ್ದೆಯೂ ಇರಲಿಲ್ಲ. ವಿಶ್ವಾಸಿಗಳೆಲ್ಲರೂ ಯಾಜಕರು (ಪುರೋಹಿತರು) ಎಂದು ಪೇತ್ರನ ಮೊದಲ ಪತ್ರಿಕೆಯ ಆಧಾರದಲ್ಲಿ ನಾವು ಹೇಳುವುದರ ಅರ್ಥ ನನಗೆ ತಿಳಿದದ್ದು ಆ ದಿನ.

ಎಲ್ಲ ಕಡೆ ಹೀಗೇ ಆಗುತ್ತದೆ ಎಂದರೆ ಸುಳ್ಳಾಗುತ್ತದೆ. ಸಭೆಯ ಬಹುಮತವೂ ತಪ್ಪಬಹುದು. ಸಭೆಯೇ ಕೊನೆಯ ಮೆಟ್ಟಿಲಾದಾಗ, ಆ ಸಭೆಯಲ್ಲೇ ನೊಂದವರು ಹೋಗುವುದೆಲ್ಲಿಗೆ? ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರ ನಾಯಕರು ಲೈಂಗಿಕ ದೌರ್ಜನ್ಯದ ದೂರುಗಳನ್ನು ವರ್ಷಗಟ್ಟಲೆ ಬದಿಗೊತ್ತಿದ್ದು 2022ರ ಸ್ವತಂತ್ರ ತನಿಖಾ ವರದಿಯಲ್ಲಿ ಬಯಲಾಯಿತು. ಪ್ರತಿ ಸಭೆಯೂ ಸ್ವತಂತ್ರ, ನಾವು ಏನೂ ಮಾಡುವಂತಿಲ್ಲ ಎಂಬ ಮಾತನ್ನು ಅವರು ಗುರಾಣಿ ಮಾಡಿಕೊಂಡಿದ್ದರು. ಅಪರಾಧ ನಡೆದಾಗ ಹೋಗಬೇಕಾದದ್ದು ಪೊಲೀಸರ ಬಳಿಗೆ. ಸಭೆಯ ಸ್ವಾತಂತ್ರ್ಯ ಅದಕ್ಕೆ ಅಡ್ಡ ಬರಕೂಡದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಈಗ ನೀವು 'ತೋರಿಕೆ' ಎಂದ ವಿಷಯ. ಹೆಲ್ವಿಸ್ ಆಮ್‌ಸ್ಟರ್‌ಡ್ಯಾಮಿನಲ್ಲಿ ಸುರಕ್ಷಿತವಾಗಿ ಇರಬಹುದಿತ್ತು. 1612ರ ಹೊತ್ತಿಗೆ ಇಂಗ್ಲೆಂಡಿಗೆ ಮರಳಿ ಲಂಡನ್ನಿನ ಹೊರವಲಯದ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಸಭೆ ನಡೆಸತೊಡಗಿದರು. ತಾವು ಬರೆದ ಪುಸ್ತಕದ ಪ್ರತಿಯೊಂದರಲ್ಲಿ ಒಂದನೇ ಜೇಮ್ಸ್ ದೊರೆಗೆ ಕೈಬರಹದಲ್ಲಿ ಟಿಪ್ಪಣಿ ಬರೆದರು: ದೊರೆಯೂ ಸಾಯುವ ಮನುಷ್ಯನೇ, ದೇವರಲ್ಲ, ಪ್ರಜೆಗಳ ಆತ್ಮಗಳ ಮೇಲೆ ಅವನಿಗೆ ಅಧಿಕಾರವಿಲ್ಲ ಎಂದು. ಆ ಪುಸ್ತಕದ ಒಳಗಿರುವುದು ಇನ್ನೂ ದೊಡ್ಡ ಮಾತು. ಪಾಷಂಡಿಗಳಿರಲಿ, ತುರ್ಕರಿರಲಿ, ಯೆಹೂದ್ಯರಿರಲಿ, ಯಾರೇ ಆಗಲಿ, ನಂಬಿಕೆಯ ವಿಷಯಕ್ಕೆ ಅವರನ್ನು ಒಂದಿಷ್ಟೂ ದಂಡಿಸುವುದು ಲೋಕದ ಅಧಿಕಾರಕ್ಕೆ ಸೇರಿದ್ದಲ್ಲ ಎಂದರು. ಆ ಕಾಲದಲ್ಲಿ 'ತುರ್ಕರು' ಎಂದರೆ ಮುಸ್ಲಿಮರು. ಹೆಲ್ವಿಸ್ ಅವರನ್ನು ನ್ಯೂಗೇಟ್ ಜೈಲಿಗೆ ಹಾಕಿದರು. 1616ರ ಹೊತ್ತಿಗೆ ಅವರು ತೀರಿಕೊಂಡಿದ್ದರು. ಅವರು ಯೆಹೂದ್ಯರ, ಮುಸ್ಲಿಮರ ನಂಬಿಕೆಯನ್ನು ಒಪ್ಪಿದವರಲ್ಲ, ಅವರ ಪರವಾಗಿ ಮಾತಾಡಿ ಗಳಿಸುವಂಥದ್ದೂ ಏನೂ ಇರಲಿಲ್ಲ.

ಜೈಲಿನಲ್ಲಿರುವ ಅಲ್ಪಸಂಖ್ಯಾತರು ಸ್ವಾತಂತ್ರ್ಯ ಕೇಳುವುದರಲ್ಲಿ ಏನು ವಿಶೇಷ ಎನ್ನಬಹುದು. ಅದಕ್ಕೇ ನನಗೆ ಅಮೆರಿಕದ ವರ್ಜೀನಿಯಾದ ಸಂಗತಿ ಹೆಚ್ಚು ತೂಕದ್ದು ಅನ್ನಿಸುತ್ತದೆ. ಅಲ್ಲಿ 1760 ಮತ್ತು 70ರ ದಶಕಗಳಲ್ಲಿ ಬ್ಯಾಪ್ಟಿಸ್ಟ್ ಬೋಧಕರನ್ನು ಜೈಲಿಗೆ ತಳ್ಳುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ, 1784ರಲ್ಲಿ ಅಲ್ಲಿನ ನಾಯಕ ಪ್ಯಾಟ್ರಿಕ್ ಹೆನ್ರಿ ಒಂದು ಮಸೂದೆಗೆ ಬೆಂಬಲ ಕೊಟ್ಟರು: ಎಲ್ಲರಿಂದಲೂ ತೆರಿಗೆ ಎತ್ತಿ ಕ್ರೈಸ್ತ ಬೋಧಕರಿಗೆ ಹಂಚುವುದು, ತನ್ನ ಹಣ ಯಾವ ಚರ್ಚಿಗೆ ಹೋಗಬೇಕೆಂದು ತೆರಿಗೆದಾರನೇ ಹೇಳಬಹುದು. ಬ್ಯಾಪ್ಟಿಸ್ಟರಿಗೂ ಪಾಲು ಸಿಗುತ್ತಿತ್ತು. ಅವರು ಬೇಡ ಎಂದರು, ಮಸೂದೆಯ ವಿರುದ್ಧ ಅರ್ಜಿ ಹಾಕಿದರು. ಮಸೂದೆ ಬಿದ್ದುಹೋಯಿತು, 1786ರಲ್ಲಿ ಜೆಫರ್ಸನ್ ಬರೆದ ಧಾರ್ಮಿಕ ಸ್ವಾತಂತ್ರ್ಯದ ಕಾಯಿದೆ ಬಂತು. ಅಲ್ಲೇ ಬೋಧಿಸುತ್ತಿದ್ದ ಬ್ಯಾಪ್ಟಿಸ್ಟ್ ಜಾನ್ ಲೇಲೆಂಡ್ ಅವರಿಗೆ 'ಸಹಿಸಿಕೊಳ್ಳುವುದು' ಎಂಬ ಪದವೇ ಆಗುತ್ತಿರಲಿಲ್ಲ. ಸಹಿಸಿಕೊಳ್ಳುವವನು ಮೇಲೆ, ಸಹಿಸಲ್ಪಡುವವನು ಕೆಳಗೆ ಎಂದಾಗುತ್ತದಲ್ಲ, ಯೆಹೂದ್ಯರು, ತುರ್ಕರು, ಕ್ರೈಸ್ತರು ಎಲ್ಲರೂ ಸರಿಸಮವಾಗಿ ಸ್ವತಂತ್ರರಿರಬೇಕು ಎಂಬುದು ಅವರ ವಾದ.

ಬೈಬಲ್ ಸತ್ಯ ಎಂದು ನಂಬಿದ್ದರಿಂದಲೇ ಅವರು ಹೀಗೆ ನಿಂತರು, ನಾನೂ ನಿಲ್ಲುತ್ತೇನೆ. ಮತ್ತಾಯ 13ರ ಸಾಮ್ಯದಲ್ಲಿ ಆಳುಗಳು ಹೊಲದ ಕಳೆ ಕೀಳಲು ಹೊರಟಾಗ ಯಜಮಾನ ತಡೆಯುತ್ತಾನೆ. ಕಳೆಯ ಜೊತೆ ಗೋಧಿಯೂ ಕಿತ್ತುಬಂದೀತು, ಸುಗ್ಗಿಯ ತನಕ ಎರಡೂ ಬೆಳೆಯಲಿ ಎನ್ನುತ್ತಾನೆ. ಹೊಲ ಎಂದರೆ ಈ ಲೋಕ ಎಂದು ಯೇಸುವೇ ಬಿಡಿಸಿ ಹೇಳಿದ್ದಾನೆ. ಸುಗ್ಗಿ ನನ್ನ ಕೆಲಸವಲ್ಲ, ಸರ್ಕಾರದ್ದೂ ಅಲ್ಲ. ನಾನು ನಂಬಿದ್ದನ್ನು ಸಾರಬಹುದು, ವಾದಿಸಬಹುದು, ಪ್ರಾರ್ಥಿಸಬಹುದು. ಬೆದರಿಕೆಯಿಂದಲೋ ಆಮಿಷದಿಂದಲೋ ಒಬ್ಬರನ್ನು ನೀರಿಗಿಳಿಸಿದರೆ ಅವರ ಮೈ ಒದ್ದೆಯಾಗುತ್ತದೆ, ದೀಕ್ಷಾಸ್ನಾನ ಆಗುವುದಿಲ್ಲ. ನಾವು ಬಹುಸಂಖ್ಯಾತರಾಗಿರುವ ಕಡೆ ಇದನ್ನು ಮರೆತವರೂ ಇದ್ದಾರೆ, ಸರ್ಕಾರವೇ ತಮ್ಮ ಪ್ರಾರ್ಥನೆಯನ್ನು ಎಲ್ಲರ ಮೇಲೆ ಹೇರಲಿ ಎನ್ನುವವರು. ಅವರು ಹೆಲ್ವಿಸ್ ಕಂಡ ಜೈಲನ್ನು ಮರೆತಿದ್ದಾರೆ.

ನಿಮ್ಮ ಕೊನೆಯ ಪ್ರಶ್ನೆ ನನಗೆ ಊಹೆಯ ಪ್ರಶ್ನೆಯಲ್ಲ. ನನ್ನ ಮಗಳಿಗೆ ಈಗ 19. ದೀಕ್ಷಾಸ್ನಾನ ತೆಗೆದುಕೊಂಡಿಲ್ಲ. ಅವಳ ವಾರಿಗೆಯವರೆಲ್ಲ ಒಂದೇ ಭಾನುವಾರ ತೆಗೆದುಕೊಂಡಾಗ ಅವಳು ಬೆಂಚಿನಲ್ಲೇ ಕೂತಿದ್ದಳು. ಮನೆಗೆ ಬಂದ ಮೇಲೆ, 'ಅಪ್ಪಾ, ನಂಬಿದ್ದೀನಿ ಅಂತ ಹೇಳೋಕೆ ನನಗೆ ಈಗ ಆಗಲ್ಲ' ಎಂದಳು. ಆ ರಾತ್ರಿ ನನಗೂ ಅವಳ ಅಮ್ಮನಿಗೂ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅವಳಿಗೆ, 'ಆಗದಿದ್ದಾಗ ಹೇಳದೇ ಇದ್ದದ್ದು ಸರಿಯೇ ಮಗಾ' ಎಂದಷ್ಟೇ ಹೇಳಲು ನನ್ನಿಂದಾಯಿತು. ಈಗಲೂ ಭಾನುವಾರ ನಮ್ಮ ಜೊತೆ ಬರುತ್ತಾಳೆ. ಪ್ರಭುಭೋಜನದ, ಅಂದರೆ ಯೇಸುವಿನ ನೆನಪಿಗೆ ಹಂಚಿಕೊಳ್ಳುವ ರೊಟ್ಟಿಯ ತಟ್ಟೆ ಸಾಲಿನಲ್ಲಿ ಬಂದಾಗ ಅವಳು ಅದರಿಂದ ಏನೂ ತೆಗೆದುಕೊಳ್ಳದೆ, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ದಾಟಿಸುತ್ತಾಳೆ, ನಾನು ತೆಗೆದುಕೊಳ್ಳುತ್ತೇನೆ.