ಹಳೆಯ ಎಂಜಿನ್ ತರಿಸುವಾಗ ಗಾಳಿಗೂ ಬಾಡಿಗೆ ಕೊಡಬೇಡಿ

ಪ್ರಶ್ನೆ: ನನ್ನ ಹಳೆಯ ಜೀಪಿಗೆ ದೆಹಲಿಯ ಮಾಯಾಪುರಿಯಲ್ಲಿ ಡೀಸೆಲ್ ಎಂಜಿನ್ ಒಂದು ಸಿಕ್ಕಿದೆ. ತೂಕ 180 ಕಿಲೊ. ಸಾಗರದ ಮನೆಗೆ ತಲುಪಿಸಲು ಟ್ರಾನ್ಸ್‌ಪೋರ್ಟಿನವರು 305 ಕಿಲೊಗೆ ಬಾಡಿಗೆ ಲೆಕ್ಕ ಹಾಕಿದ್ದಾರೆ. ಇದು ಮೋಸವಲ್ಲವೇ? ಖರ್ಚು ಇಳಿಸುವ ದಾರಿ ಇದೆಯೇ?

ಉತ್ತರ: ಮೋಸವಲ್ಲ, ಪೆಟ್ಟಿಗೆಯ ತಪ್ಪು. ಪಾರ್ಸೆಲ್ ಲಾರಿಯವರು ತೂಕವನ್ನೂ ನೋಡುತ್ತಾರೆ, ಆಕ್ರಮಿಸುವ ಜಾಗವನ್ನೂ ನೋಡುತ್ತಾರೆ. ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಒಂದು ಘನ ಅಡಿಗೆ 8 ಕಿಲೊ ಎಂದು ಹಿಡಿದರೆ (ಕೆಲವರು 6, ಕೆಲವರು 10 ಹಿಡಿಯುತ್ತಾರೆ, ಮೊದಲೇ ಕೇಳಿ) 120 × 90 × 100 ಸೆಂ.ಮೀ. ಪೆಟ್ಟಿಗೆ 38 ಘನ ಅಡಿಯಾಗುತ್ತದೆ, ಅಂದರೆ ಸುಮಾರು 305 ಕಿಲೊ. ನಿಮಗೆ ಹೇಳಿದ ಅಂಕಿ ಬಂದಿರುವುದು ಹೀಗೆಯೇ ಇರಬೇಕು. ಅದೇ ಎಂಜಿನ್ನನ್ನು 90 × 70 ಸೆಂ.ಮೀ. ಮರದ ಪ್ಯಾಲೆಟ್ಟಿನ ಮೇಲೆ ಬೋಲ್ಟ್ ಹಾಕಿ ಕೂರಿಸಿ, ಎತ್ತರ 80 ಸೆಂ.ಮೀ. ದಾಟದಂತೆ ಕಟ್ಟಿಸಿದರೆ ಜಾಗದ ಲೆಕ್ಕ 142 ಕಿಲೊಗೆ ಇಳಿಯುತ್ತದೆ. ಆಗ ಪ್ಯಾಲೆಟ್ ಸೇರಿದ ನಿಜವಾದ ತೂಕಕ್ಕೆ, ಸುಮಾರು 200 ಕಿಲೊಗೆ, ಕೊಟ್ಟರೆ ಸಾಕು. ನೂರು ಕಿಲೊ ಬಾಡಿಗೆ ಉಳಿಯಿತು.

ಅದಕ್ಕಾಗಿ ಹೊರಕ್ಕೆ ಚಾಚಿಕೊಂಡಿರುವ ಆಲ್ಟರ್ನೇಟರ್, ಸ್ಟಾರ್ಟರ್, ಫ್ಯಾನುಗಳನ್ನು ಬಿಚ್ಚಿಸಿ, ಸಣ್ಣ ಡಬ್ಬದಲ್ಲಿಟ್ಟು ಅದೇ ಪ್ಯಾಲೆಟ್ಟಿಗೆ ಬಿಗಿಸಲು ಹೇಳಿ. ಮೊದಲು ಮುರಿಯುವುದೂ ಅವೇ. ಎಣ್ಣೆ, ಕೂಲಂಟ್ ಪೂರ್ತಿ ಬಸಿದು, ತೂತುಗಳಿಗೆ ಮುಚ್ಚಳ ಹಾಕಿಸಬೇಕು. ಪಕ್ಕದ ಬಟ್ಟೆಯ ಮೂಟೆಗೆ ಎಣ್ಣೆ ಸೋರಿದರೆ ಅದರ ದಂಡವೂ ನಿಮ್ಮ ತಲೆಗೇ ಬರಬಹುದು.

ಹಣ ಸೋರುವ ಎರಡನೆಯ ಜಾಗ ಮನೆ ಬಾಗಿಲಿನ ಡೆಲಿವರಿ. ಶಿವಮೊಗ್ಗದ ಗೋಡೌನಿಗೆ ಬುಕ್ ಮಾಡಿಸಿ, ಅಲ್ಲಿಂದ ಗೂಡ್ಸ್ ಆಟೊದಲ್ಲಿ ನೀವೇ ತನ್ನಿ. ಸಾಗರದಲ್ಲಿ ನೇರವಾಗಿ ಗ್ಯಾರೇಜಿನಲ್ಲಿಯೇ ಇಳಿಸಿ, ಅಲ್ಲಿ ಚೈನ್ ಬ್ಲಾಕ್ (ಭಾರ ಎತ್ತುವ ಸರಪಳಿ ರಾಟೆ) ಇರುತ್ತದೆ. ಹಮಾಲಿ ಯಾರದು, ಗೋಡೌನಿನಲ್ಲಿ ಎಷ್ಟು ದಿನ ಉಚಿತ ಎಂಬುದನ್ನು ಬುಕಿಂಗಿಗೆ ಮೊದಲೇ ಕೇಳಿಕೊಳ್ಳಿ. ನಿಮ್ಮ ಕಡೆಯ ಅಡಿಕೆ ಲಾರಿಗಳು ಉತ್ತರಕ್ಕೆ ಹೋಗುತ್ತಿರುತ್ತವೆ. ಮರಳುವಾಗ ಜಾಗವಿದ್ದರೆ ಅಗ್ಗವಾಗಬಹುದು, ಆದರೆ ಲಾರಿ ರಸೀದಿ ಕೊಡದವರ ಕೈಗೆ ಎಂಜಿನ್ ಒಪ್ಪಿಸಬೇಡಿ.

ಬಿಲ್ಲಿನಲ್ಲಿ ಬೆಲೆ ಕಡಿಮೆ ಬರೆಸಿ ಉಳಿಸುವ ಸಲಹೆಯನ್ನು ಮಾರುವವರೇ ಕೊಡುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. 50,000 ರೂಪಾಯಿ ದಾಟಿದ ಸರಕಿಗೆ ಇ-ವೇ ಬಿಲ್ (ಸಾಗಣೆಗೆ ಬೇಕಾದ ಜಿಎಸ್‌ಟಿ ದಾಖಲೆ) ಬೇಕು, ದಾರಿಯಲ್ಲಿ ಸಿಕ್ಕಿಬಿದ್ದರೆ ದಂಡ ಉಳಿತಾಯವನ್ನು ನುಂಗುತ್ತದೆ. ಹೆಚ್ಚಿನ ಬೆಲೆ ಘೋಷಿಸದಿದ್ದರೆ, ಮಾಲು ಹಾಳಾದಾಗ ಸಾಗಣೆದಾರರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಪರಿಹಾರಕ್ಕಾಗಿ ದಾವೆ ಹೂಡುವುದಾದರೆ, ಬುಕ್ ಮಾಡಿದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು.

ಬಿಲ್ಲಿನಲ್ಲಿ ಎಂಜಿನ್ ಸಂಖ್ಯೆಯನ್ನೂ ಬರೆಸಿ. ಆರ್‌ಸಿಯಲ್ಲಿ ಬದಲಾವಣೆ ದಾಖಲಿಸಲು ಆರ್‌ಟಿಒ ಕಚೇರಿಗೆ ಹೋದಾಗ ಅದು ಬೇಕಾಗುತ್ತದೆ.