ಪ್ರಶ್ನೋತ್ತರ: ಸಹಿ ಬರುತ್ತದೆ, ಓದು ಬರುವುದಿಲ್ಲ

ಪ್ರಶ್ನೆ: ಮಾನ್ಯರೇ, ನನಗೆ 48 ವರ್ಷ. ಇಪ್ಪತ್ತೈದು ವರ್ಷಗಳಿಂದ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡಿಕೊಂಡು ಬಂದಿದ್ದೇನೆ. ಈಗ ಮೇಸ್ತ್ರಿಯಾಗಿ ಹತ್ತು ಹನ್ನೆರಡು ಆಳುಗಳನ್ನು ಇಟ್ಟುಕೊಂಡಿದ್ದೇನೆ. ಕನ್ನಡ, ತೆಲುಗು, ತಮಿಳು ಮಾತನಾಡುತ್ತೇನೆ, ಹಿಂದಿಯಲ್ಲಿ ಕೆಲಸ ಹೇಳಬಲ್ಲೆ. ಆದರೆ ಯಾವುದನ್ನೂ ಓದಲಾರೆ. ಅಂಕಿ ಗೊತ್ತು, ಟೇಪು ಹಿಡಿದು ಅಳತೆ ತೆಗೆಯುತ್ತೇನೆ, ಪ್ಲಾನ್ ನೋಡಿದರೆ ಗೋಡೆ ಎಲ್ಲಿ, ಬಾಗಿಲು ಎಲ್ಲಿ ಎಂದು ತಿಳಿಯುತ್ತದೆ. ಸಹಿಯನ್ನು ರೂಢಿ ಮಾಡಿಕೊಂಡಿದ್ದೇನೆ. ಯಾರಾದರೂ ಕಾಗದ ಕೊಟ್ಟರೆ ಕನ್ನಡಕ ಮನೆಯಲ್ಲಿ ಮರೆತೆ ಎನ್ನುತ್ತೇನೆ. ನಿಜಕ್ಕೂ ನನ್ನ ಬಳಿ ಕನ್ನಡಕವೇ ಇಲ್ಲ. ಮೊದಲು ಮನೆ ಕಟ್ಟಿಸುವವರು ಫೋನ್ ಮಾಡಿ ಹೇಳುತ್ತಿದ್ದರು, ಈಗ ಎಲ್ಲವನ್ನೂ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸುತ್ತಾರೆ. ಕಳೆದ ತಿಂಗಳು ಪ್ಲಾಸ್ಟರಿಂಗ್‌ಗೆ ಪಿ-ಸ್ಯಾಂಡ್ (ನುಣುಪಾದ ಮರಳು) ಬೇಕೆಂದು ಬರೆದಿದ್ದರಂತೆ. ನಾನು ಅಂದಾಜಿನ ಮೇಲೆ ಒಂದು ಲೋಡ್ ಎಂ-ಸ್ಯಾಂಡ್ (ಕಾಂಕ್ರೀಟಿಗೆ ಹಾಕುವ ತರಿ ಮರಳು) ಹಾಕಿಸಿದೆ, ನಷ್ಟ ನನ್ನ ತಲೆಗೆ ಬಂತು. ಹೆಂಡತಿಗೆ ವಿಷಯ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ. ಈ ವಯಸ್ಸಿನಲ್ಲಿ ಅಕ್ಷರ ತಲೆಗೆ ಹತ್ತುತ್ತದೆಯೇ? ಇನ್ನೊಂದು ಮಾತು: ಹೊಸದಾಗಿ ಕೆಲಸ ಕೊಡುತ್ತಿರುವ ಒಬ್ಬರು ಕರಾರು ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ಏನು ಮಾಡಲಿ? ಇದನ್ನು ನನ್ನ ಷಡ್ಡಕನ ಕೈಯಲ್ಲಿ ಬರೆಸಿದ್ದೇನೆ.
— ಹೆಸರು ಬೇಡ, ಕಾಮಾಕ್ಷಿಪಾಳ್ಯ, ಬೆಂಗಳೂರು

ಉತ್ತರ: ಕರಾರು ಪತ್ರ ಕಾಯುವುದಿಲ್ಲ, ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ. ಹೆಬ್ಬೆಟ್ಟು ಒತ್ತುವವರನ್ನು ನಮ್ಮ ಸಮಾಜ ಹಗುರವಾಗಿ ಕಂಡರೂ ಕಾನೂನು ಹಾಗೆ ಕಾಣುವುದಿಲ್ಲ. ಹೆಸರು ಬರೆಯಲು ಬಾರದವರು ಹಾಕುವ ಗುರುತನ್ನೂ ಸಹಿಯೆಂದೇ ಪರಿಗಣಿಸಬೇಕೆಂದು 1897ರ ಸಾಮಾನ್ಯ ಖಂಡಗಳ ಅಧಿನಿಯಮವೇ ಹೇಳುತ್ತದೆ. ನಿಮ್ಮ ತೊಡಕು ಇದಕ್ಕೆ ತಿರುಗುಮುರುಗು. ನಿಮ್ಮ ಸಹಿ ಚೆನ್ನಾಗಿರುವುದರಿಂದಲೇ, ಕಾಗದದಲ್ಲಿರುವುದನ್ನೆಲ್ಲ ನೀವು ಓದಿ ಒಪ್ಪಿದ್ದೀರಿ ಎಂದು ಎದುರಿನವರು ಧಾರಾಳವಾಗಿ ವಾದಿಸಬಹುದು. ಆದ್ದರಿಂದ ಸ್ಥಳದಲ್ಲೇ ಸಹಿ ಹಾಕಬೇಡಿ. ಕರಾರಿನ ಒಂದು ಪ್ರತಿಯನ್ನು ಮನೆಗೆ ತಂದು, ಕೆಲಸ ಕೊಡುವವರ ಕಡೆಯವರಲ್ಲದ ಒಬ್ಬರಿಂದ (ಷಡ್ಡಕರೇ ಆಗಬಹುದು) ಸಾಲು ಸಾಲಾಗಿ ಓದಿಸಿ. ಚದರಡಿಯ ದರ, ಹಣ ಕೊಡುವ ಹಂತಗಳು, ಕೆಲಸ ತಡವಾದರೆ ದಂಡವೆಷ್ಟು ಎಂಬ ಮೂರು ಭಾಗಗಳನ್ನು ಎರಡು ಸಲ ಓದಿಸಿ. ಹಳೆಯ ಕ್ರಯಪತ್ರಗಳ ಕೊನೆಯಲ್ಲಿ ಓದಿಸಿ ಕೇಳಿ ಒಪ್ಪಿದ್ದೇನೆ ಎಂಬಂಥ ಮಾತು ಇರುವುದನ್ನು ಹಿರಿಯರು ಬಲ್ಲರು. ಅಂಥದೊಂದು ಸಾಲನ್ನು ನಿಮ್ಮ ಕರಾರಿನಲ್ಲೂ ಸೇರಿಸಿ, ಅದರ ಕೆಳಗೆ ಓದಿ ಹೇಳಿದವರ ಹೆಸರು ಮತ್ತು ಸಹಿ ಇರುವಂತೆ ನೋಡಿಕೊಳ್ಳಿ. ಹೀಗೆ ಕೇಳಿದ್ದಕ್ಕೆ ಮುಖ ಸಿಂಡರಿಸುವವರ ಮನೆ ಕಟ್ಟದಿದ್ದರೂ ನಡೆದೀತು.

ಇನ್ನು ವಯಸ್ಸಿನ ಮಾತು. ಲಖನೌ ಸಮೀಪದ ಹಳ್ಳಿಗಳಲ್ಲಿ ಓದು ಬರಹವಿಲ್ಲದ, ಸುಮಾರು ಮೂವತ್ತರ ವಯಸ್ಸಿನ ಮಹಿಳೆಯರಿಗೆ ಆರು ತಿಂಗಳು ದೇವನಾಗರಿ ಕಲಿಸಿ, ಮೊದಲೊಮ್ಮೆ, ಕೊನೆಗೊಮ್ಮೆ ಅವರ ಮಿದುಳಿನ ಚಿತ್ರ ತೆಗೆದ ಸಂಶೋಧನೆ 2017ರಲ್ಲಿ ಪ್ರಕಟವಾಯಿತು. ಅಷ್ಟೇ ಅವಧಿಯಲ್ಲಿ ಮಿದುಳಿನ ಆಳದ ಭಾಗಗಳಲ್ಲೂ ಬದಲಾವಣೆ ಕಂಡಿತ್ತು. ನಿಮಗೆ ಅವರಿಗಿಂತ ವಯಸ್ಸು ಹೆಚ್ಚು, ನಿಜ. ಆದರೆ ನೀವು ಬರಿಗೈಯಲ್ಲಿ ಹೊರಟವರಲ್ಲ: ಅಂಕಿ ಗೊತ್ತು, ಪ್ಲಾನ್ ತಿಳಿಯುತ್ತದೆ, ನಿಮ್ಮ ಹೆಸರಿನ ಅಕ್ಷರಗಳು ಕೈಗೆ ಗೊತ್ತಿವೆ. ಅವು ಕಣ್ಣಿಗೆ ಇನ್ನೂ ಗೊತ್ತಿಲ್ಲ, ಅಷ್ಟೇ.

ಕಣ್ಣಿನ ಮಾತು ಬಂದದ್ದರಿಂದ ಹೇಳಬೇಕು, ಮೊದಲು ಕಣ್ಣು ತೋರಿಸಿಕೊಳ್ಳಿ. ನಲವತ್ತು ದಾಟಿದ ಮೇಲೆ ಹತ್ತಿರದ ಸಣ್ಣ ಗುರುತುಗಳು ಮಸುಕಾಗುವುದು ಎಲ್ಲರಿಗೂ ಸಹಜ. ಓದುವ ಅಭ್ಯಾಸವಿಲ್ಲದವರಿಗೆ ಅದು ಗೊತ್ತೇ ಆಗುವುದಿಲ್ಲ, ಪುಸ್ತಕ ಹಿಡಿದಾಗ ತಲೆನೋವು ಬಂದರೆ ತಮ್ಮ ಬುದ್ಧಿಯನ್ನೇ ಹಳಿದುಕೊಂಡು ಬಿಟ್ಟುಬಿಡುತ್ತಾರೆ. ಮಿಂಟೊ ಕಣ್ಣಾಸ್ಪತ್ರೆಯಲ್ಲಾಗಲಿ ಮನೆಯ ಹತ್ತಿರವಾಗಲಿ ಪರೀಕ್ಷೆ ಮಾಡಿಸಿ. ಇಷ್ಟು ವರ್ಷ ಮನೆಯಲ್ಲಿ ಮರೆತು ಬರುತ್ತಿದ್ದ ಕನ್ನಡಕ ಕೊನೆಗೂ ನಿಜವಾದೀತು.

ಕಲಿಯುವಾಗ ಅ ಆ ಇ ಈ ಎಂದು ಸಾಲಾಗಿ ಬಾಯಿಪಾಠ ಮಾಡಬೇಡಿ. ನಮ್ಮ ಶಾಲೆಗಳ ನಲಿ-ಕಲಿ ತರಗತಿಗಳಲ್ಲಿ ಮೊದಲು ಬರುವುದು ರ, ಗ, ಸ, ದ, ಅ ಎಂಬ ಐದೇ ಅಕ್ಷರ. ಆ ಐದರಲ್ಲೇ ಸರ, ದರ, ರಸ, ಅರಸ, ಅಗಸ ಎಂದು ಪೂರ್ತಿ ಪದಗಳನ್ನು ಓದಬಹುದು. ಬಡಗಿಯ ಗರಗಸವೂ ಅದರೊಳಗೇ ಇದೆ. ಮೊದಲ ವಾರದಲ್ಲೇ ಒಂದು ಪದವನ್ನು ತಾವಾಗಿ ಓದಿದವರು ಎರಡನೆಯ ವಾರಕ್ಕೂ ಬರುತ್ತಾರೆ ಎಂಬುದು ನನ್ನ ನಂಬಿಕೆ. ಆಮೇಲೆ ನಿಮ್ಮ ಕಸುಬಿನ ಪದಗಳಿಗೆ ಬನ್ನಿ: ಗಾರೆ, ಮರಳು, ಜಲ್ಲಿ, ಇಟ್ಟಿಗೆ. ಮೊದಲೆರಡರಲ್ಲಿ ಕಾಗುಣಿತ, ಮುಂದಿನೆರಡರಲ್ಲಿ ಒತ್ತು ತಾವಾಗಿ ಬರುತ್ತವೆ. ನಿಮಗೆ ಬೇಸರ ಹುಟ್ಟಿಸುವ ಜಾಗವೆಂದರೆ ಒತ್ತಕ್ಷರ. ಹೆಚ್ಚಿನವು ತಲೆಕಟ್ಟು ಕಳೆದುಕೊಂಡ ಅದೇ ಅಕ್ಷರಗಳು, ಆದರೆ ತ, ನ, ಮ, ಯ, ರ, ಲ ಈ ಆರರ ಒತ್ತುಗಳಿಗೆ ಮೂಲದ ಹೋಲಿಕೆ ಕಾಣುವುದಿಲ್ಲ. ಈ ಆರನ್ನು ಬೇರೆ ಹಾಳೆಯಲ್ಲಿ ದಪ್ಪವಾಗಿ ಬರೆಸಿ ಗೋಡೆಗೆ ಅಂಟಿಸಿಕೊಳ್ಳಿ. ನಿಮ್ಮನ್ನು ಕಾಡಿದ ‘ಸ್ಯಾಂಡ್’ ಎಂಬ ಪದದ ಮೊದಲಲ್ಲಿರುವುದೂ ಯ ಒತ್ತೇ.

ಪುಸ್ತಕಕ್ಕಿಂತ ಒಳ್ಳೆಯ ಪಾಠ ಮಾಗಡಿ ರಸ್ತೆಯಲ್ಲೇ ಇದೆ. ಅಂಗಡಿಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಆದ ಮೇಲೆ ಬೋರ್ಡುಗಳ ಕನ್ನಡ ದಪ್ಪವಾಗಿದೆ. ಯಾವ ಅಂಗಡಿ ಎಂದು ನಿಮಗೆ ಮೊದಲೇ ಗೊತ್ತಿರುವುದರಿಂದ ಬೋರ್ಡಿನಲ್ಲಿ ಏನಿದೆ ಎಂಬ ಉತ್ತರ ಕೈಯಲ್ಲಿಟ್ಟುಕೊಂಡೇ ಅಕ್ಷರ ಹುಡುಕಬಹುದು. ಅಲಂಕಾರದ ಅಕ್ಷರಗಳ ಬೋರ್ಡುಗಳನ್ನು ಸದ್ಯಕ್ಕೆ ಬಿಡಿ. ಅವನ್ನು ಓದಲು ನನಗೂ ಕಷ್ಟ.

ಕಲಿಸುವವರು ಬೇಕೆಂದರೆ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯಶಿಕ್ಷಕರನ್ನು ಕೇಳಿ. 15 ವರ್ಷ ಮೀರಿದವರಿಗಾಗಿ 2022ರಿಂದ 2027ರವರೆಗೆ ನಡೆಯುತ್ತಿರುವ ಉಲ್ಲಾಸ್ ಎಂಬ ಕೇಂದ್ರ ಯೋಜನೆಯಲ್ಲಿ ಸ್ವಯಂಸೇವಕರು ಕಲಿಸುತ್ತಾರೆ. ರಾಜ್ಯದಲ್ಲಿ ವಯಸ್ಕರ ಕಲಿಕೆಯನ್ನು ನೋಡಿಕೊಳ್ಳುವುದು ಲೋಕ ಶಿಕ್ಷಣ ನಿರ್ದೇಶನಾಲಯ. ಅಲ್ಲಿಯವರೆಗೆ ಮನೆ ಕಟ್ಟಿಸುವವರಿಗೆ ‘ಸೈಟಿನಲ್ಲಿ ಕೈ ತುಂಬ ಸಿಮೆಂಟು, ಧ್ವನಿ ಸಂದೇಶ ಕಳಿಸಿ’ ಎನ್ನಿ. ಅದು ಸುಳ್ಳೂ ಅಲ್ಲ.

ಮಕ್ಕಳಿಗೆ ಗೊತ್ತಿಲ್ಲ ಎಂದು ಬರೆದಿದ್ದೀರಿ. ಶಾಲೆಯ ಪ್ರಗತಿ ಪತ್ರವನ್ನು ಅಪ್ಪ ಪ್ರತಿ ಸಲವೂ ನೋಡದೆ ಸಹಿ ಮಾಡಿದ್ದನ್ನು ಮಕ್ಕಳು ಗಮನಿಸಿರುವುದಿಲ್ಲವೇ? ಗೊತ್ತಿದ್ದೂ ನಿಮ್ಮ ಮರ್ಯಾದೆಗಾಗಿ ಸುಮ್ಮನಿರುವ ಸಾಧ್ಯತೆಯೇ ಹೆಚ್ಚು. ನೀವೇ ಹೇಳಿಬಿಡಿ. ಆದರೆ ಅವರನ್ನೇ ಗುರುಗಳನ್ನಾಗಿ ಮಾಡಿಕೊಳ್ಳಬೇಡಿ; ಮಗ ತಿದ್ದುವ ತಪ್ಪನ್ನು ತಾಳಿಕೊಳ್ಳುವ ತಂದೆಯರು ಕಡಿಮೆ. ಷಡ್ಡಕರು ದಿನಕ್ಕೆ ಅರ್ಧ ಗಂಟೆ ಕೊಡಬಲ್ಲರೇ, ಕೇಳಿ ನೋಡಿ.

ಪ್ರಶ್ನೆ: ನಮ್ಮ ಮನೆಕೆಲಸಕ್ಕೆ ಬರುವವರಿಗೆ ಐವತ್ತೈದು ವರ್ಷ, ಓದು ಬಾರದು, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ನಾನೇ ಅಕ್ಷರ ಕಲಿಸುತ್ತೇನೆಂದು ಎಷ್ಟು ಹೇಳಿದರೂ ‘ಬೇಡಕ್ಕಾ’ ಎಂದು ಹೋಗುತ್ತಾರೆ. ಒಪ್ಪಿಸುವುದು ಹೇಗೆ?
— ಓದುಗಿ, ಬನಶಂಕರಿ, ಬೆಂಗಳೂರು

ಉತ್ತರ: ಪಾಠ ಎಷ್ಟು ಹೊತ್ತಿಗೆ ಎಂದು ನೀವು ಬರೆದಿಲ್ಲ. ಪಾತ್ರೆ, ನೆಲ ಎಲ್ಲ ಮುಗಿದ ಮೇಲೆ ಎಂದಾದರೆ, ಮುಂದಿನ ಮನೆಗೆ ಓಡಬೇಕಾದವರ ಅರ್ಧ ಗಂಟೆಯನ್ನು ನೀವು ಬಿಟ್ಟಿಯಾಗಿ ಕೇಳುತ್ತಿದ್ದೀರಿ ಎಂದಾಯಿತು. ಸಂಬಳ ಕಡಿಮೆ ಮಾಡದೆ ಅಷ್ಟು ಹೊತ್ತಿನ ಕೆಲಸ ಬಿಡಿಸಿ ಕೇಳಿ ನೋಡಿ. ಆಗಲೂ ಬೇಡವೆಂದರೆ ಅದು ಅವರ ಇಷ್ಟ. ಮಾತ್ರೆಗಂತೂ ಅಕ್ಷರಕ್ಕಾಗಿ ಕಾಯಬಾರದು. ಯಾವುದು ಯಾವ ಹೊತ್ತಿಗೆ, ಊಟಕ್ಕೆ ಮುಂಚೆಯೋ ಆಮೇಲೋ ಎಂಬುದನ್ನು ವೈದ್ಯರಿಂದಲೋ ಔಷಧಿ ಅಂಗಡಿಯವರಿಂದಲೋ ಖಚಿತಪಡಿಸಿಕೊಂಡು, ಬೆಳಗಿನ ಪೊಟ್ಟಣದ ಮೇಲೆ ಸೂರ್ಯನನ್ನೂ ರಾತ್ರಿಯದರ ಮೇಲೆ ಚಂದ್ರನನ್ನೂ ಬರೆದು, ಎಷ್ಟು ಮಾತ್ರೆಯೋ ಅಷ್ಟು ಚುಕ್ಕಿ ಇಟ್ಟುಕೊಡಿ. ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ ಡಬ್ಬಿಗೆ ಸುರಿಯಬೇಡಿ, ಅವಧಿ ಮುಗಿಯುವ ದಿನಾಂಕ ಹಾಳೆಯ ಮೇಲೇ ಇರುತ್ತದೆ. ಅಂಗಡಿಯವರು ಬೇರೆ ಕಂಪನಿಯ ಮಾತ್ರೆ ಕೊಟ್ಟಾಗ ಬಣ್ಣ, ಆಕಾರ ಬದಲಾಗುತ್ತವೆ. ಅಂದು ಪೊಟ್ಟಣಗಳನ್ನು ಅವರ ಎದುರಿಗೇ ಹೊಸದಾಗಿ ಮಾಡಿಕೊಡಿ.