ಫ್ಲೋರ್ ತೂತಿಗೆ ಪುಟ್ಟಿ ಸಾಕಾ, ವೆಲ್ಡಿಂಗೇ ಬೇಕಾ?

ಪ್ರಶ್ನೆ: ಸರ್, ನಮ್ಮದು 2011ರ ಮಾರುತಿ 800, ಕೆಎ-06 ನಂಬರ್. ಹದಿನೈದು ವರ್ಷ ತುಂಬ್ತಾ ಬಂತು, ಆರ್‌ಸಿ ರಿನ್ಯೂವಲ್ ಮಾಡಿಸಬೇಕು. ಗಾಡಿ ಯಾವಾಗಲೂ ಮನೆ ಮುಂದಿನ ಹೊಂಗೆ ಮರದ ಕೆಳಗೆ ನಿಲ್ಲುತ್ತೆ. ಡ್ರೈವರ್ ಕಾಲಿಡುವ ಕಡೆ ಮ್ಯಾಟ್ ಎತ್ತಿದರೆ ರಸ್ತೆ ಕಾಣುತ್ತೆ. ರನ್ನಿಂಗ್ ಬೋರ್ಡ್‌ನಲ್ಲಿ (ಬಾಗಿಲ ಕೆಳಗಿನ ಉದ್ದನೆಯ ಪಟ್ಟಿ) ಜಾಕ್ ಕೊಡುವ ಜಾಗ, ಬಾಗಿಲಿನ ಕೆಳ ಅಂಚು, ಹಿಂದಿನ ಚಕ್ರದ ಮೇಲಿನ ತಗಡು ಎಲ್ಲ ಕಡೆಯೂ ತೂತು. ಒಬ್ಬ ಟಿಂಕರಿಂಗ್‌ನವರು ಫೈಬರ್ ಹಾಕಿ ಪುಟ್ಟಿ ಹೊಡೆದು ಒಂದೇ ದಿನದಲ್ಲಿ ಕೊಡ್ತೀನಿ ಅಂತಾರೆ. ಇನ್ನೊಬ್ಬರು ಕತ್ತರಿಸಿ ತಗಡು ವೆಲ್ಡ್ ಮಾಡಲೇಬೇಕು ಅಂತಾರೆ, ದುಡ್ಡೂ ಜಾಸ್ತಿ. ಯಾರ ಮಾತು ಕೇಳಲಿ?
– ಓದುಗರು, ಕ್ಯಾತ್ಸಂದ್ರ, ತುಮಕೂರು

ಉತ್ತರ: ಬಾಗಿಲಿಗೆ ಮೊದಲನೆಯವರ ಮಾತು ಕೇಳಿ, ಫ್ಲೋರ್‌ಗೆ ಎರಡನೆಯವರದು. ತೂತು ಎಷ್ಟು ದೊಡ್ಡದು ಅನ್ನೋದಕ್ಕಿಂತ ಎಲ್ಲಿದೆ ಅನ್ನೋದು ಮುಖ್ಯ. ಮಾರುತಿ 800ಗೆ ಲಾರಿಯ ಹಾಗೆ ಬೇರೆ ಚಾಸಿ (ಅಡಿಯ ಚೌಕಟ್ಟು) ಇಲ್ಲ. ಫ್ಲೋರ್, ರನ್ನಿಂಗ್ ಬೋರ್ಡ್, ಕಂಬಗಳು ಎಲ್ಲ ಸೇರಿಯೇ ಗಾಡಿಯ ಭಾರ ಹೊರುತ್ತವೆ. ಅಲ್ಲಿ ಪುಟ್ಟಿ ಹೊಡೆದರೆ ನೋಡೋಕೆ ಚೆನ್ನಾಗಿರುತ್ತೆ, ಅಷ್ಟೇ. ಪಂಕ್ಚರ್ ಆದ ದಿನ ಜಾಕ್ ಕೊಟ್ಟರೆ ಜಾಕ್ ಒಳಗೇ ಹೋಗುತ್ತೆ. ಬ್ರಿಟನ್ನಿನ ವಾಹನ ತಪಾಸಣೆಯಲ್ಲಿ ಸೀಟ್ ಬೆಲ್ಟ್, ಸಸ್ಪೆನ್ಷನ್, ಸ್ಟೀರಿಂಗ್, ಬ್ರೇಕ್ ಇವುಗಳನ್ನು ಬಿಗಿದಿರುವ ಜಾಗದಿಂದ 30 ಸೆಂ.ಮೀ. ದೂರದೊಳಗಿನ ತುಕ್ಕನ್ನು ಬಹಳ ಕಟ್ಟುನಿಟ್ಟಾಗಿ ನೋಡುತ್ತಾರೆ. ಆ ಅಳತೆಯನ್ನು ನೀವೂ ಇಟ್ಟುಕೊಳ್ಳಿ. ಅದರೊಳಗೆ ಬಂದದ್ದಕ್ಕೆಲ್ಲ ವೆಲ್ಡಿಂಗೇ.

ಮೊದಲು ನೀರು ಎಲ್ಲಿಂದ ಬರ್ತಿದೆ ಅಂತ ನೋಡಿ. ನನ್ನ ಅನುಮಾನ ನಿಮ್ಮ ಹೊಂಗೆ ಮರದ ಮೇಲೇ. ಬಾನೆಟ್ ಎತ್ತಿ, ಮುಂದಿನ ಗಾಜಿನ ಬುಡದಲ್ಲಿ ವೈಪರ್ ಹತ್ತಿರ ಕೈಹಾಕಿ. ಒಣಗಿದ ಹೂವು, ಎಲೆ ಕೊಳೆತು ಕಪ್ಪು ಗೊಬ್ಬರದಂತೆ ಕೂತಿರುತ್ತೆ. ನೀರು ಹೋಗುವ ದಾರಿ ಕಟ್ಟಿಕೊಂಡರೆ ಮಳೆ ನೀರು ಒಳಗೆ ನುಗ್ಗುತ್ತೆ. ಕಾರ್ಪೆಟ್ ಕೆಳಗಿನ ಸ್ಪಂಜು ಅದನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತೆ. ಗಾಜಿನ ರಬ್ಬರ್ ಬೀಡಿಂಗ್ ಕೂಡ ನೋಡಿ. ಇದನ್ನು ಸರಿಮಾಡದೆ ಹೊಸ ತಗಡು ಹಾಕಿಸಿದರೆ ಅದೂ ಅದೇ ದಾರಿ ಹಿಡಿಯುತ್ತೆ.

ಆಮೇಲೆ ಕಾರ್ಪೆಟ್ ಪೂರ್ತಿ ಕಿತ್ತು, ಸ್ಕ್ರೂಡ್ರೈವರ್ ಹಿಡಿಯಿಂದ ಫ್ಲೋರ್ ಮೇಲೆ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತೆ, ತುಕ್ಕು ತಿಂದದ್ದು ಡಬ್ ಅನ್ನುತ್ತೆ. ಡಬ್ ಅಂದ ಕಡೆ ತುದಿಯಿಂದ ಚುಚ್ಚಿ. ಎಂಟಾಣೆ ಅಗಲದ ತೂತು ಕೆದಕಿದ ಮೇಲೆ ಅಂಗೈ ಅಗಲ ಆಗುವುದು ಮಾಮೂಲಿ, ಗಾಬರಿಯಾಗಬೇಡಿ. ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಲೇಬೇಕು. ಒಂದು ಎಚ್ಚರ: ಚಾಸಿ ನಂಬರ್ ಕೊರೆದಿರುವ ಜಾಗದ ಹತ್ತಿರ ಗ್ರೈಂಡರ್ ಹೋಗಬಾರದು, ಪುಟ್ಟಿಯೂ ಬೀಳಬಾರದು. ನಂಬರ್ ಅಳಿಸಿಹೋದರೆ ಮತ್ತೆ ಪಂಚ್ ಮಾಡಿಸಲು ಆರ್‌ಟಿಓ ಅನುಮತಿ ಬೇಕು. ತೂತಿಗಿಂತ ದೊಡ್ಡ ತಲೆನೋವು ಅದು.

ವೆಲ್ಡಿಂಗ್ ಯಾವುದು ಅಂತ ಕೇಳಿ. ಸಿಓಟೂ ವೆಲ್ಡಿಂಗ್ (ಗ್ಯಾಸ್ ಬಿಡುತ್ತಾ ತೆಳು ತಂತಿಯಿಂದ ಮಾಡುವುದು) ಇರುವ ಕಡೆಗೇ ಹೋಗಿ. ಗೇಟು, ಗ್ರಿಲ್ ಮಾಡುವವರ ರಾಡ್ ವೆಲ್ಡಿಂಗ್‌ಗೆ ಈ ತೆಳು ತಗಡು ತಡೆಯಲ್ಲ, ಸುಟ್ಟು ಇನ್ನೊಂದು ತೂತು ಬೀಳುತ್ತೆ. ತೇಪೆಗೆ 20 ಗೇಜ್ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್ ಸಾಕು, ಅಂದರೆ ಸುಮಾರು 0.9 ಮಿ.ಮೀ. ದಪ್ಪ. ಮೂಲೆಗಳನ್ನು ಗುಂಡಗೆ ಕತ್ತರಿಸಿ, ದೂರ ದೂರ ಟ್ಯಾಕ್ (ಚುಕ್ಕಿ ವೆಲ್ಡ್) ಹಾಕಿ, ಆರಲು ಬಿಟ್ಟು ನಡುವೆ ತುಂಬುತ್ತಾ ಬರಬೇಕು. ಒಂದೇ ಸಲಕ್ಕೆ ಎಳೆದರೆ ತಗಡು ಸೊಟ್ಟಗಾಗುತ್ತೆ. ಕೆಲಸ ಶುರುವಾಗುವ ಮುಂಚೆ ಬ್ಯಾಟರಿ ಟರ್ಮಿನಲ್ ಕಳಚಿಸಿ, ಸೀಟು ತೆಗೆಸಿ. ಫ್ಲೋರ್ ಕೆಳಗೆ ಪೆಟ್ರೋಲ್ ಪೈಪ್, ಬ್ರೇಕ್ ಪೈಪ್ ಎಲ್ಲಿ ಹಾದುಹೋಗಿವೆ ಅಂತ ಮೆಕ್ಯಾನಿಕ್ ಜೊತೆ ನಿಂತು ನೋಡಿ. ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ.

ವೆಲ್ಡ್ ಆದ ಮೇಲೆ ಎರಡೂ ಕಡೆ ಪ್ರೈಮರ್, ಜೋಡಣೆಗೆ ಸೀಲೆಂಟ್, ಕೊನೆಗೆ ಕೆಳಗಿನಿಂದ ಕೋಟಿಂಗ್. ‘ಕೋಟಿಂಗ್ ಹೊಡೆಯುವ ಮುಂಚೆ ನಾನು ಬಂದು ನೋಡಬೇಕು’ ಅಂತ ಖಡಾಖಂಡಿತವಾಗಿ ಹೇಳಿಬಿಡಿ. ಕಪ್ಪು ಬಳಿದ ಮೇಲೆ ಒಳಗೆ ತಗಡಿದೆಯೋ ಪುಟ್ಟಿಯಿದೆಯೋ ಯಾರಿಗೆ ಗೊತ್ತು? ರನ್ನಿಂಗ್ ಬೋರ್ಡ್ ಅಡಿಯ ನೀರಿಳಿಯುವ ಕಿಂಡಿಗಳನ್ನು ಮುಚ್ಚದಂತೆಯೂ ನೋಡಿಕೊಳ್ಳಿ.

ಬಾಗಿಲು, ಚಕ್ರದ ಮೇಲಿನ ಹೊರ ತಗಡಿಗೆ ಫೈಬರ್ ಪರವಾಗಿಲ್ಲ. ತುಕ್ಕು ಪೂರ್ತಿ ಉಜ್ಜಿಸಿ, ಒಳಗಡೆಯಿಂದ ಫೈಬರ್ ಮ್ಯಾಟ್ ಅಂಟಿಸಿ, ಮೇಲೆ ತೆಳ್ಳಗೆ ಪುಟ್ಟಿ. 3 ಮಿ.ಮೀ. ದಾಟಿದರೆ ಬಿರುಕು ಬಿಡುತ್ತೆ. ಚಕ್ರದ ಮೇಲಿನ ತಗಡಿನ ಒಳಗಡೆ ಸೀಟ್ ಬೆಲ್ಟ್ ಬಿಗಿದ ಕಡೆ ತುಕ್ಕು ಹತ್ತಿದ್ದರೆ ಮಾತ್ರ ಅಲ್ಲೂ ತಗಡೇ.

ಶಾಕ್ ಅಬ್ಸಾರ್ಬರ್ ಕೂರುವ ಮೇಲ್ಭಾಗವೂ ಕೊಳೆತಿದ್ದರೆ, ನನ್ನ ಕೇಳಿದರೆ, ಗಾಡಿ ಬಿಟ್ಟುಬಿಡಿ. ರಿನ್ಯೂವಲ್ ಶುಲ್ಕವೇ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು, ಮೇಲೆ ಗ್ರೀನ್ ಟ್ಯಾಕ್ಸ್ ಬೇರೆ. ಆರ್‌ಟಿಓ ತಪಾಸಣೆಯಲ್ಲಿ ಪಾಸಾದರೆ ಐದು ವರ್ಷ ಸಿಗುತ್ತೆ. ಅವಧಿ ಮುಗಿಯುವ 60 ದಿನ ಮುಂಚಿನಿಂದಲೇ ಫಾರಂ 25ರಲ್ಲಿ ಅರ್ಜಿ ಹಾಕಬಹುದು. ಟಿಂಕರಿಂಗ್ ಅದಕ್ಕೂ ಮುಂಚೆ ಮುಗಿದಿರಲಿ, ತಪಾಸಣೆ ಮಾಡುವ ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ಹಸಿ ಪೇಂಟ್‌ನಲ್ಲಿ ಹೋಗಿ ನಿಲ್ಲಬೇಡಿ. ಪೇಂಟ್ ಹೊಡೆಸುವಾಗ ಆರ್‌ಸಿಯಲ್ಲಿ ಬರೆದಿರುವ ಬಣ್ಣವೇ ಹೊಡೆಸಿ.